ಏಪ್ರಿಲ್ ಕೊನೆಯ ಬಯಲು ರಾಕ್ ಶೋ, 38 ಡಿಗ್ರಿ ಮುನ್ಸೂಚನೆ: ಸ್ಟ್ಯಾಂಡಿಂಗ್ ಟಿಕೆಟ್‌ನವರು ಹೇಗೆ ತಯಾರಾಗಬೇಕು?

ಬಾಸ್_ತಂತಿ

ಬೆಂಗಳೂರು, ಬಯಲು ಮೈದಾನ, ಮೇಲೆ ಚಾವಣಿ ಇಲ್ಲ. ಗೇಟ್ ಮಧ್ಯಾಹ್ನ 3ಕ್ಕೆ, ಮೊದಲ ಬ್ಯಾಂಡ್ 4:30ಕ್ಕೆ, ಮುಖ್ಯ ಬ್ಯಾಂಡ್ 8ಕ್ಕೆ. ಮುನ್ಸೂಚನೆ 37ರಿಂದ 38 ಡಿಗ್ರಿ. ನಾವು ನಾಲ್ಕು ಜನ, ಎಲ್ಲರದೂ ಸ್ಟ್ಯಾಂಡಿಂಗ್. ಒಬ್ಬರು ಬಿಪಿ ಮಾತ್ರೆ ತಗೊಳ್ತಾರೆ, ಇನ್ನೊಬ್ಬಳು ನನ್ನ ತಂಗಿ, ಅವಳಿಗಿದು ಮೊದಲ ಬಯಲು ಶೋ. ಎಷ್ಟು ಹೊತ್ತಿಗೆ ಕ್ಯೂ ಸೇರಬೇಕು, ನೀರು ಎಷ್ಟು, ಬಟ್ಟೆ ಏನು, ಯಾರಾದರೂ ಕುಸಿದರೆ ಮೊದಲ ಹತ್ತು ನಿಮಿಷ ಏನು ಮಾಡಬೇಕು? "ನೀರು ಕುಡೀರಿ, ನೆರಳಲ್ಲಿರಿ" ಅನ್ನೋದು ಎಲ್ಲ ಕಡೆ ಸಿಗುತ್ತೆ. ಅಳತೆ, ಕಾರಣ ಸಮೇತ ಬೇಕು.

ಬ್ಯಾರಿಕೇಡ್_ಬಾಲು

ಗುರು, ಮೊದಲು ಹೊತ್ತಿನ ಲೆಕ್ಕ ಹಾಕಿ, ಉಳಿದದ್ದು ಆಮೇಲೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ಬಯಲಲ್ಲಿ ರಾತ್ರಿ 10ರ ನಂತರ ಧ್ವನಿವರ್ಧಕ ಬಂದ್. ಮುಖ್ಯ ಬ್ಯಾಂಡ್ 10ರೊಳಗೆ ಮುಗಿಸಬೇಕು ಅಂದರೆ ಮೊದಲ ಎರಡು ಮೂರು ಬ್ಯಾಂಡ್‌ಗಳು ಬಿಸಿಲಲ್ಲೇ ನುಡಿಸಬೇಕು. ಉರಿ ಜಾಸ್ತಿ ಇದೆ ಅಂತ ಶೋ ತಡಮಾಡೋಕೆ ಆಯೋಜಕರ ಕೈಲಿ ಜಾಗವೇ ಇಲ್ಲ. ತಡಮಾಡೋ ಅವಕಾಶ ಇರೋದು ನಿಮ್ಮ ಕೈಲಿ ಮಾತ್ರ.

ಸ್ಟೇಜ್ ಮುಂದಿನ ಕಂಬಿ (ಬ್ಯಾರಿಕೇಡ್) ಹಿಡಿಯಬೇಕು ಅಂದರೆ ಬೆಳಿಗ್ಗೆ 11ಕ್ಕೆ ಕ್ಯೂ ನಿಲ್ಲಬೇಕು. ಗೇಟ್‌ಗೆ ಮುಂಚೆ ನಾಲ್ಕು ಗಂಟೆ ರಸ್ತೆ ಬದಿ, ಒಳಗೆ ಹೋದಮೇಲೆ ಮುಖ್ಯ ಬ್ಯಾಂಡ್ ಬರೋವರೆಗೆ ಇನ್ನೂ ಐದು ಗಂಟೆ. ಬೆಂಗಳೂರಲ್ಲಿ ಆ ವಾರ ಸೂರ್ಯ ಮುಳುಗೋದು 6:30ರ ಆಸುಪಾಸು. ಅಂದರೆ ಒಂಬತ್ತರಲ್ಲಿ ಏಳೂವರೆ ಗಂಟೆ ನೇರ ಬಿಸಿಲು. 8ಕ್ಕೆ ಮೊದಲ ರಿಫ್ ಬರೋ ಹೊತ್ತಿಗೆ ಮೈಯಲ್ಲಿ ನೀರೂ ಇರಲ್ಲ, ಉಪ್ಪೂ ಇರಲ್ಲ, ಆಗ ಕುಣಿಯೋಕೆ ಶುರು ಮಾಡ್ತೀರಿ. ಬಯಲು ಶೋಗಳಲ್ಲಿ ಜನ ಬೀಳೋದು ಹೀಗೆ. ಬೀಳೋ ಜಾಗ ಕಂಬಿಯಾದರೂ ಕಾರಣ ಕ್ಯೂನಲ್ಲೇ ಹುಟ್ಟಿರುತ್ತೆ.

ನನ್ನ ಸಲಹೆ: 5:15ಕ್ಕೆ ಗೇಟ್ ದಾಟಿ. ಕಂಬಿ ಬಿಡಿ. ಸ್ಟೇಜ್‌ನಿಂದ ಮೂವತ್ತು ನಲವತ್ತು ಮೀಟರ್ ದೂರದಲ್ಲಿ ಸೌಂಡ್ ಮಿಕ್ಸಿಂಗ್ ಗೋಪುರ ಇರುತ್ತೆ, ಅದರ ಮುಂದೆ ಎಡಕ್ಕೋ ಬಲಕ್ಕೋ ನಿಲ್ಲಿ. ಅಲ್ಲಿ ಗಾಳಿ ಆಡುತ್ತೆ, ಪಕ್ಕಕ್ಕೆ ಜರುಗೋಕೆ ದಾರಿ ಇರುತ್ತೆ, ಗೋಪುರದ ನೆರಳು ಸಂಜೆಗೆ ಉದ್ದ ಬೀಳುತ್ತೆ. ಕಂಬಿ ಬಿಟ್ಟಿರೋಕೆ ಆಗಲ್ಲ ಅಂದರೆ, ನಾಲ್ಕು ಜನ ಇದ್ದೀರಲ್ಲ, ಇಬ್ಬಿಬ್ಬರಂತೆ ಪಾಳಿ ಮಾಡ್ಕೊಳ್ಳಿ: ಮುಕ್ಕಾಲು ಗಂಟೆ ಕ್ಯೂ, ಮುಕ್ಕಾಲು ಗಂಟೆ ಹತ್ತಿರದ ಹೋಟೆಲ್‌ನ ಫ್ಯಾನ್ ಕೆಳಗೆ. ಹಿಂದಿನವರಿಗೆ, ಮುಂದಿನವರಿಗೆ ಮೊದಲೇ ಹೇಳಿಡಿ, ಜಗಳ ಬರಲ್ಲ.

ಇಆರ್_ನೈಟ್‌ಡ್ಯೂಟಿ

ಬಾಲು ಅವರು ಹೇಳಿದ್ದು ವೈದ್ಯಕೀಯವಾಗಿಯೂ ಸರಿ. ಕಾರಣ ಸೇರಿಸುತ್ತೇನೆ.

ಸುಮ್ಮನೆ ನಿಂತ ಮನುಷ್ಯನ ಮೈ ಸುಮಾರು 100 ವ್ಯಾಟ್ ಶಾಖ ಹುಟ್ಟಿಸುತ್ತದೆ. ಜಿಗಿದು ಕುಣಿದರೆ ಅದು ನಾಲ್ಕೈದು ಪಟ್ಟು. ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಗಾಳಿ ಅದಕ್ಕಿಂತ ಬಿಸಿಯಾದರೆ ಮೈಯ ಶಾಖ ಹೊರಗೆ ಹೋಗುವ ಬದಲು ಹೊರಗಿನದೇ ಒಳಗೆ ಬರುತ್ತದೆ, ಉಳಿಯುವ ದಾರಿ ಬೆವರು ಆರುವುದೊಂದೇ. ಒಂದು ಚದರ ಮೀಟರಿಗೆ ನಾಲ್ಕೈದು ಜನ ಒತ್ತಿಕೊಂಡು ನಿಂತರೆ ಗಾಳಿ ಆಡದು, ಬೆವರು ಆರದು, ಪಕ್ಕದವರ ಶಾಖವೂ ನಿಮ್ಮ ಪಾಲಿಗೇ. ಮುಂದಿನ ಕಂಬಿಯ ಕಷ್ಟ ಇದು.

ಮುನ್ಸೂಚನೆಯ ಅಂಕಿ ಓದುವಾಗ ಎರಡು ವಿಷಯ ನೆನಪಿರಲಿ. 38 ಎನ್ನುವುದು ನೆರಳಿನ ಪೆಟ್ಟಿಗೆಯೊಳಗಿನ ಅಳತೆ, ಬಿಸಿಲಲ್ಲಿ ನಿಂತವರ ಮೈಗೆ ತಟ್ಟುವುದು ಅದಕ್ಕಿಂತ ಹೆಚ್ಚು. ಎರಡನೆಯದು, ಬಯಲುಸೀಮೆಗೆ ಹವಾಮಾನ ಇಲಾಖೆ ಬಿಸಿಗಾಳಿ ಎನ್ನಬೇಕಾದರೆ ಗರಿಷ್ಠ ಉಷ್ಣತೆ ಕನಿಷ್ಠ 40 ಮುಟ್ಟಬೇಕು, ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ಕರಾವಳಿಗೆ 37, ಗುಡ್ಡಗಾಡಿಗೆ 30. ಬೆಂಗಳೂರು ನಗರದಲ್ಲಿ 2016ರ ಏಪ್ರಿಲ್‌ನಲ್ಲಿ 39.2 ದಾಖಲಾಯಿತು, 2024ರ ಏಪ್ರಿಲ್ 28ರಂದು 38.5. ಎರಡೂ ಆ 40ರ ಗೆರೆ ಮುಟ್ಟಲಿಲ್ಲ. ಆದರೆ 34ಕ್ಕೆ ಒಗ್ಗಿದ ಮೈಗೆ 38 ದೊಡ್ಡ ಹೊರೆ. ಎಚ್ಚರಿಕೆಯ ಘೋಷಣೆ ಬರಲಿ ಎಂದು ಬೆಂಗಳೂರಿನವರು ಕಾಯಬಾರದು.

ನೀರು: ಬಿಸಿಲಲ್ಲಿ ನಿಂತಾಗ 15-20 ನಿಮಿಷಕ್ಕೊಮ್ಮೆ ಒಂದು ಲೋಟ, ಸುಮಾರು 200-250 ಮಿಲಿ. ಗಂಟೆಗೆ ಮುಕ್ಕಾಲು ಲೀಟರಿನಷ್ಟಾಯಿತು. ಗಂಟೆಗೆ ಒಂದೂವರೆ ಲೀಟರ್ ಮೀರಬೇಡಿ. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಬರುತ್ತದೆ. ಅದನ್ನು ಬಿಸಿಲಿನ ಬಳಲಿಕೆ ಎಂದುಕೊಂಡು ಇನ್ನಷ್ಟು ನೀರು ಕುಡಿಸಿದರೆ ಫಿಟ್ಸ್‌ವರೆಗೂ ಹೋಗಬಹುದು. ಆದ್ದರಿಂದ ಕುಡಿಯುವ ಮೂರು ಬಾಟಲಿಯಲ್ಲಿ ಒಂದು ಒಆರ್‌ಎಸ್ ಕಲಸಿದ್ದಾಗಿರಲಿ. ಒಂದು ಲೀಟರಿನ ಪ್ಯಾಕೆಟ್ ಅಂದರೆ ಒಂದು ಲೀಟರ್ ನೀರಿಗೇ ಕಲಸಬೇಕು. ಅರ್ಧ ಲೀಟರಿಗೆ ಇಡೀ ಪ್ಯಾಕೆಟ್ ಸುರಿದರೆ ಗಟ್ಟಿಯಾಗಿ ಹೊಟ್ಟೆ ಕೆಡುತ್ತದೆ. ಮನೆಯಲ್ಲಿ ಮಾಡುವುದಾದರೆ ಲೀಟರಿಗೆ ಸಕ್ಕರೆ ಆರು ಮಟ್ಟ ಚಮಚ, ಉಪ್ಪು ಅರ್ಧ ಚಮಚ, ಚಹಾ ಚಮಚದ ಅಳತೆಯಲ್ಲಿ.

ಬಿಸಿಲೂರು

ಕಲಬುರಗಿ ಕಡಿಯಿಂದ ಒಂದ್ ಮಾತ್ರೀ. ಒದ್ದಿ ಟವೆಲ್ ಬಿಟ್ಟು ಹೊರಗ ಕಾಲಿಡಬ್ಯಾಡ್ರಿ. ತೆಳ್ಳನ ಹತ್ತಿ ಪಂಚೆ ಟವೆಲ್ ಇರಬೇಕು, ಬಾತ್‌ರೂಮಿನ ದಪ್ಪ ಟರ್ಕಿ ಟವೆಲ್ ಅಲ್ಲ. ದಪ್ಪಂದು ನೀರು ಹಿಡಕೊಂಡು ಭಾರ ಆಗ್ತದ, ಆರೂದಿಲ್ಲ, ಆರದಿದ್ರ ತಂಪೂ ಆಗೂದಿಲ್ಲ. ತೊಯ್ಸಿ, ಹಿಂಡಿ, ತಲಿ ಮ್ಯಾಲಿಂದ ಕುತ್ತಿಗಿ ಮುಚ್ಚೂಹಂಗ ಇಳಿಬಿಡ್ರಿ. ಅರ್ಧ ತಾಸಿಗೊಮ್ಮೆ ಮತ್ತ ತೊಯ್ಸ್ರಿ. ತಲಿಗೆ ಎಣ್ಣಿ ಹಚ್ಚಿ ಬಿಸ್ಲಿಗೆ ಹೋಗಬ್ಯಾಡ್ರಿ, ಟೋಪಿ ಒಳಗ ಬೆವರು ಸರಿಯಾಗಿ ಆರೂದಿಲ್ಲ.

ಮಾಟುಂಗಾ_ಮೆಟಲ್

ಬಿಸಿಲೂರು ಅವರೇ, ಟವೆಲ್ ನಿಮ್ಮಲ್ಲಿ ಕೆಲಸ ಮಾಡುವುದು ಗಾಳಿ ಒಣಗಿರುವುದರಿಂದ. ಮುಂಬೈಗೆ ಬಂದು ಶೋ ನೋಡುವ ಕನ್ನಡಿಗರು ಇದನ್ನು ತಿಳಿದಿರಬೇಕು. 2025ರ ಮೇ 17ರಂದು ರಾಕ್ ಬ್ಯಾಂಡ್ ಗನ್ಸ್ ಎನ್ ರೋಸಸ್ ಮಹಾಲಕ್ಷ್ಮಿ ರೇಸ್‌ಕೋರ್ಸ್‌ನಲ್ಲಿ ನುಡಿಸಿದಂಥ ಮೇ ತಿಂಗಳ ಶೋ ಅಂದರೆ ಥರ್ಮಾಮೀಟರ್ ನೋಡಿ ಸಮಾಧಾನಪಡುವಂತಿಲ್ಲ.

ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ಉಷ್ಣತೆ ನೋಡಬೇಕು. ಬೆವರು ಆರಿ ಮೈ ಎಷ್ಟರ ಮಟ್ಟಿಗೆ ತಣ್ಣಗಾಗಬಲ್ಲದು ಎಂಬುದರ ಮಿತಿ ಅದು. 40 ಡಿಗ್ರಿ, 20 ಶೇಕಡಾ ತೇವ ಇದ್ದರೆ ಆ ಅಂಕಿ ಸುಮಾರು 23. 34 ಡಿಗ್ರಿ, 70 ಶೇಕಡಾ ತೇವ ಇದ್ದರೆ ಸುಮಾರು 29. ಅಂದರೆ ಆರು ಡಿಗ್ರಿ "ತಂಪಾದ" ಮುಂಬೈ ಮೈಗೆ ಹೆಚ್ಚು ಕಷ್ಟ. ಇಲ್ಲಿ ಒದ್ದೆ ಟವೆಲ್ ಹತ್ತು ನಿಮಿಷದಲ್ಲಿ ಬೆಚ್ಚಗಾಗಿ ಮೈಗೆ ಅಂಟಿಕೊಳ್ಳುತ್ತದೆ. ನೀರು ಚಿಮುಕಿಸುವ ಮಿಸ್ಟ್ ಫ್ಯಾನ್ ಇದ್ದರೂ ತೇವ ಇನ್ನಷ್ಟು ಏರುತ್ತದೆಯೇ ಹೊರತು ಲಾಭ ಕಡಿಮೆ. ತೇವದ ಊರಲ್ಲಿ ಬೇಕಾದ್ದು ಗಾಳಿ ಮತ್ತು ಮಂಜುಗಡ್ಡೆ. ಕೈಯಲ್ಲಿ ಹಿಡಿಯುವ ರಟ್ಟಿನ ಬೀಸಣಿಗೆಯನ್ನು ಗೇಟಲ್ಲಿ ಸಾಮಾನ್ಯವಾಗಿ ತಡೆಯುವುದಿಲ್ಲ. ಐಸ್ ತುಂಡುಗಳನ್ನು ಕರವಸ್ತ್ರದಲ್ಲಿ ಕಟ್ಟಿ ಕುತ್ತಿಗೆಗೆ, ಅಂಗೈಗೆ ಹಿಡಿಯಿರಿ.

ಒಣ ಊರಿನ ಬ್ಯಾಟರಿ ಫ್ಯಾನ್ ಬಗ್ಗೆಯೂ ಎಚ್ಚರ. ಗಾಳಿ 40 ದಾಟಿ ಮೈ ಒಣಗಿದ್ದಾಗ ಫ್ಯಾನ್ ಬರೀ ಬಿಸಿಗಾಳಿ ಊದುತ್ತದೆ. ಮೈ ಒದ್ದೆ ಮಾಡಿಕೊಂಡೇ ಫ್ಯಾನ್ ಹಿಡಿಯಬೇಕು.

ಥ್ರಾಶ್_ಕೋರಮಂಗಲ

ಕಪ್ಪು ಟೀ-ಶರ್ಟ್ ಬಗ್ಗೆ ಯಾರೂ ಬಾಯಿ ಬಿಡ್ತಿಲ್ಲ. ಬ್ಯಾಂಡ್ ಟೀ ಹಾಕದೆ ಮೆಟಲ್ ಶೋಗೆ ಹೋಗೋದು ಆಗದ ಮಾತು.

ಹೊಲಿಗೆ_ಹೆವಿಮೆಟಲ್

ಬಣ್ಣ ಒಂದೇ ಅಲ್ಲ, ಬಟ್ಟೆಯ ತೂಕ ಮತ್ತು ಪ್ರಿಂಟ್ ನೋಡಿ. ಬ್ಯಾಂಡ್ ಟೀಗಳು ಹೆಚ್ಚಾಗಿ 180ರಿಂದ 220 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ಹತ್ತಿ. ಎದೆ, ಬೆನ್ನು ತುಂಬ ಪ್ಲಾಸ್ಟಿಸಾಲ್ ಪ್ರಿಂಟ್. ಅದು ಪ್ಲಾಸ್ಟಿಕ್ ಪದರವೇ. ಬೆವರು ಹಿಂದೆ ನಿಲ್ಲುತ್ತೆ, ಆರೋದಿಲ್ಲ. ಎದೆಯಗಲ ಪ್ರಿಂಟ್ ಇದ್ದರೆ ಮೈ ತಣಿಸೋ ಮುಖ್ಯ ಜಾಗವೇ ಮುಚ್ಚಿಹೋಯ್ತು. ಇದರ ಮೇಲೆ ಡೆನಿಮ್ ವೆಸ್ಟ್, ಪ್ಯಾಚ್ ಹಾಕಿದರೆ ಮೂರು ಪದರ.

ದಾರಿ ಸುಲಭ ಇದೆ. 6:30ರ ತನಕ ತೆಳು, ಸಡಿಲ, ತಿಳಿಬಣ್ಣದ ತುಂಬುತೋಳಿನ ಹತ್ತಿ ಅಂಗಿ, ಅಗಲ ಅಂಚಿನ ಟೋಪಿ. ಟೀ ಸುತ್ತಿ ಸೊಂಟದ ಚೀಲದಲ್ಲಿ. ಸೂರ್ಯ ಇಳಿದ ಮೇಲೆ ಬದಲಿಸಿ. ಇಡೀ ದಿನ ಟೀಯಲ್ಲೇ ಇರಬೇಕು ಅನ್ನೋರು ಒಂದು ಸೈಜ್ ದೊಡ್ಡದು, ವಾಟರ್‌ಬೇಸ್ ಅಥವಾ ಡಿಸ್ಚಾರ್ಜ್ ಪ್ರಿಂಟ್‌ದು ತಗೊಳ್ಳಿ. ಬೆರಳಾಡಿಸಿದರೆ ಪ್ರಿಂಟ್ ಕೈಗೆ ತಾಗದಿದ್ದರೆ ಅದು ಉಸಿರಾಡುತ್ತೆ. ಬಿಗಿ ಜೀನ್ಸ್ ಬೇಡ, ತೊಡೆ ಉಜ್ಜಿ ಹುಣ್ಣಾಗುತ್ತೆ. ಶೂ ಮುಚ್ಚಿದ್ದೇ ಬೇಕು, ಹೊಸದು ಬೇಡ.

ಸನ್‌ಸ್ಕ್ರೀನ್ ಎಸ್‌ಪಿಎಫ್ 30 ಅಥವಾ ಮೇಲೆ, ಹೊರಡುವ 20 ನಿಮಿಷ ಮುಂಚೆ, ಆಮೇಲೆ ಎರಡು ಗಂಟೆಗೊಮ್ಮೆ. ಕಿವಿ, ಕತ್ತಿನ ಹಿಂಭಾಗ, ಬೈತಲೆ ಮರೀಬೇಡಿ. ಹಣೆಗೆ ತೆಳ್ಳಗೆ ಹಚ್ಚಿ, ಬೆವರಿನ ಜೊತೆ ಕಣ್ಣಿಗಿಳಿದರೆ ಉರಿಯುತ್ತೆ.

ಅಲ್ಟೋ_ಅಕ್ಕ

ತಂಗಿ ಬರ್ತಿದ್ದಾಳೆ ಅಂದಿರಲ್ಲ, ಅದಕ್ಕೆ ಬರೀತಿದ್ದೀನಿ. ಹೆಣ್ಣುಮಕ್ಕಳು ಬಯಲು ಶೋಗಳಲ್ಲಿ ನೀರು ಕಮ್ಮಿ ಕುಡಿಯೋದಕ್ಕೆ ಒಂದೇ ಕಾರಣ: ಟಾಯ್ಲೆಟ್. ಸಂಜೆ 7ರ ಹೊತ್ತಿಗೆ ಮೊಬೈಲ್ ಟಾಯ್ಲೆಟ್‌ಗಳಲ್ಲಿ ನೀರು ಮುಗಿದಿರುತ್ತೆ, ದೀಪ ಇರಲ್ಲ, ಸಾಲು ಅರ್ಧ ಗಂಟೆ. ಅದಕ್ಕೆ ಹೆದರಿ ಮಧ್ಯಾಹ್ನದಿಂದ ಬಾಯಿ ಕಟ್ಟಿಕೊಂಡು ಕೂತರೆ ಬಿಸಿಲು ಬಿಡಲ್ಲ. "ನೀರು ಕುಡಿ" ಅಂತ ಹೇಳೋರು ಇದನ್ನೂ ಯೋಚಿಸಬೇಕು.

ಹೊತ್ತು ನೋಡಿ ಹೋಗೋದೇ ಉಪಾಯ. ಒಳಗೆ ಹೋದ ತಕ್ಷಣ ಒಮ್ಮೆ. ಎರಡನೇ ಬ್ಯಾಂಡ್ ನುಡಿಸುವಾಗ ಮಧ್ಯದಲ್ಲಿ ಒಮ್ಮೆ. ಬ್ಯಾಂಡ್ ಮುಗಿದು ಸ್ಟೇಜ್ ಬದಲಾಗೋ ಹೊತ್ತಲ್ಲಿ ಹೋಗಲೇಬೇಡಿ, ಇಡೀ ಮೈದಾನ ಆಗಲೇ ಎದ್ದಿರುತ್ತೆ. ಗೇಟ್‌ಗೆ ಅತ್ತ ತುದಿಯಲ್ಲಿರೋ ಸಾಲು ಯಾವಾಗಲೂ ಖಾಲಿ. ಟಿಶ್ಯೂ, ಸ್ಯಾನಿಟೈಸರ್‌ನ ಚಿಕ್ಕ ಸ್ಯಾಷೆ, ಪ್ಯಾಡ್, ಒಂದು ಜಿಪ್ ಕವರ್ ಇಟ್ಕೊಳ್ಳಿ. ಜಂಪ್‌ಸೂಟ್ ಬೇಡ ಅಂತ ಅವಳಿಗೆ ಹೇಳಿ. ಮುಟ್ಟಿನ ದಿನವಾದರೆ ಒಆರ್‌ಎಸ್ ಇನ್ನೊಂದು ಪ್ಯಾಕೆಟ್ ಜಾಸ್ತಿ ಇರಲಿ, ನೋವಿನ ಮಾತ್ರೆಯನ್ನ ಖಾಲಿ ಹೊಟ್ಟೆಗೆ ತಗೊಳ್ಳೋದು ಬೇಡ.

ಒಳಗೆ ಹೋದಮೇಲೆ ನಾಲ್ಕೂ ಜನ ಸೇರೋಕೆ ಒಂದು ಜಾಗ ಗೊತ್ತು ಮಾಡಿ: "ಬಲಗಡೆ ಎರಡನೇ ಸ್ಪೀಕರ್ ಗೋಪುರದ ಬುಡ" ಅನ್ನೋ ಥರ. ನೆಟ್‌ವರ್ಕ್ ಇರಲ್ಲ, ಫೋನ್ ನಂಬಬೇಡಿ.

ಇಆರ್_ನೈಟ್‌ಡ್ಯೂಟಿ

ಬಿಪಿ ಮಾತ್ರೆಯ ಪ್ರಶ್ನೆಗೆ. ಯಾವ ಮಾತ್ರೆ ಎಂಬುದು ಮುಖ್ಯ. ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಜೈಡ್, ಟಾರ್ಸೆಮೈಡ್, ಫ್ಯೂರೋಸೆಮೈಡ್ ಮೈಯ ನೀರು, ಉಪ್ಪು ಎರಡನ್ನೂ ಇಳಿಸುತ್ತವೆ. ಟೆಲ್ಮಿಸಾರ್ಟನ್ ಜೊತೆ ಒಂದೇ ಮಾತ್ರೆಯಲ್ಲಿ ಇವು ಸೇರಿರುವುದುಂಟು, ಸ್ಟ್ರಿಪ್‌ನ ಹಿಂಭಾಗ ಓದಿ. ಮೆಟೊಪ್ರೊಲಾಲ್, ಅಟೆನೊಲಾಲ್ ಥರದವು ಹೃದಯದ ಬಡಿತ ಏರದಂತೆ ಹಿಡಿಯುತ್ತವೆ, ಚರ್ಮಕ್ಕೆ ರಕ್ತ ಕಳಿಸಿ ತಣಿಯುವ ಶಕ್ತಿ ಕುಗ್ಗುತ್ತದೆ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಈ ವಾರವೇ ನಿಮ್ಮ ವೈದ್ಯರನ್ನು ಕೇಳಿ: ಆ ದಿನದ ಡೋಸ್ ಯಾವಾಗ, ಒಆರ್‌ಎಸ್ ಎಷ್ಟು ಕುಡಿಯಬಹುದು.

ಜನರ ಗಮನಕ್ಕೆ ಬಾರದ ಇನ್ನೊಂದು ಗುಂಪು ಶೀತದ ಮಾತ್ರೆ. ಕ್ಲೋರ್‌ಫೆನಿರಮಿನ್, ಡೈಫೆನ್‌ಹೈಡ್ರಮಿನ್ ಇರುವವು ಬೆವರನ್ನೇ ಕಡಿಮೆ ಮಾಡುತ್ತವೆ. ಅಮಿಟ್ರಿಪ್ಟಿಲಿನ್, ಟೊಪಿರಮೇಟ್ ಕೂಡ ಹಾಗೇ. ಲಿಥಿಯಂ (ಮನೋರೋಗದ ಮಾತ್ರೆ) ತೆಗೆದುಕೊಳ್ಳುವವರಿಗೆ ಮೈಯ ನೀರಿಳಿದರೆ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗುತ್ತದೆ. ಅವರು ವೈದ್ಯರ ಮಾತಿಲ್ಲದೆ ಇಂಥ ದಿನ ಹೋಗಲೇಬಾರದು.

ಮದ್ಯ ಮೂತ್ರ ಹೆಚ್ಚಿಸಿ ನೀರಿಳಿಸುತ್ತದೆ, ಜೊತೆಗೆ ಅಪಾಯದ ಮೊದಲ ಲಕ್ಷಣವನ್ನೇ ಮರೆಮಾಡುತ್ತದೆ. ತೊದಲುವವನು ಕುಡಿದಿದ್ದಾನೋ ಬಿಸಿಲು ಬಡಿದಿದೆಯೋ ಎಂದು ಪಕ್ಕದವರು ನಿಮಿಷಗಳನ್ನು ಕಳೆಯುತ್ತಾರೆ. ಕತ್ತಲಾಗುವ ತನಕ ಬೇಡ.

ಸಿಸ್ಟಮ್_ಟೆಕ್

ನಿಲ್ಲೋ ಜಾಗದ ಬಗ್ಗೆ ಬಾಲು ಹೇಳಿದ್ದಕ್ಕೆ ಸೌಂಡ್ ಕಡೆಯ ಕಾರಣವೂ ಇದೆ. ಮಿಕ್ಸ್ ಮಾಡೋ ಎಂಜಿನಿಯರ್ ಕೇಳಿಸ್ಕೊಳ್ಳೋದು ಆ ಗೋಪುರದಲ್ಲಿ ಕೂತು. ಅದರ ಮುಂದೆ ನಿಂತೋರಿಗೆ ಅದೇ ಮಿಕ್ಸ್ ಸಿಗುತ್ತೆ. ಕಂಬಿಯಲ್ಲಿ ಮುಖ್ಯ ಸ್ಪೀಕರ್‌ಗಳು ತಲೆ ಮೇಲೆ ಹಾದುಹೋಗ್ತವೆ, ನಿಮಗೆ ಸಿಗೋದು ಸಬ್‌ವೂಫರ್ ಗುಮ್ಮು, ಗಿಟಾರ್ ಆಂಪ್, ಸಿಂಬಲ್. ಹಾಡುಗಾರನ ಮಾತು ಸರಿಯಾಗಿ ಕೇಳೋದೇ ಇಲ್ಲ.

ಬಿಸಿಲು ಸೌಂಡನ್ನೂ ಮುಟ್ಟುತ್ತೆ. ಹಗಲು ನೆಲದ ಹತ್ತಿರದ ಗಾಳಿ ಬಿಸಿ, ಮೇಲಿನದು ತಂಪು. ಶಬ್ದ ಮೇಲಕ್ಕೆ ಬಾಗುತ್ತೆ, ಹಿಂದಿನ ಸಾಲಿಗೆ ತೆಳ್ಳಗಾಗುತ್ತೆ. ಸೂರ್ಯ ಮುಳುಗಿ ನೆಲ ತಣಿದ ಮೇಲೆ ಉಲ್ಟಾ, ಕೆಳಕ್ಕೆ ಬಾಗುತ್ತೆ. ಹಿಂದಿನವರಿಗಾಗಿ ಇಡೋ ಸ್ಪೀಕರ್ ಗೋಪುರಕ್ಕೆ ಡಿಲೇ ಗೋಪುರ ಅಂತಾರೆ, ಸ್ಟೇಜ್ ಶಬ್ದ ಅಲ್ಲಿಗೆ ಬರೋ ಹೊತ್ತಿಗೆ ಹೊಂದೋ ಹಾಗೆ ಅದು ತಡಮಾಡಿ ನುಡಿಸುತ್ತೆ. 60 ಮೀಟರ್ ಹಿಂದಿದ್ದರೆ ಅದಕ್ಕೆ 38 ಡಿಗ್ರಿಯಲ್ಲಿ ಸುಮಾರು 169 ಮಿಲಿಸೆಕೆಂಡ್ ತಡ ಕೊಡಬೇಕು, 28 ಡಿಗ್ರಿಯಲ್ಲಿ 172. ಮೂರು ಮಿಲಿಸೆಕೆಂಡ್ ಅಂದರೆ ಒಂದು ಮೀಟರ್ ವ್ಯತ್ಯಾಸ, ಅದನ್ನು ಸಂಜೆ ತಿದ್ದಬೇಕು. 4:30ರ ಬ್ಯಾಂಡ್ ಹಿಂದಿನ ಸಾಲಲ್ಲಿ ಮಂಕಾಗಿ ಕೇಳಿಸಿದರೆ ಆ ಹುಡುಗರನ್ನ ಬೈಬೇಡಿ. ಬಿಸಿಲು ಬಿದ್ದ ಗಿಟಾರ್‌ನ ತಂತಿ ಹಿಗ್ಗಿ ಶ್ರುತಿ ಇಳಿಯುತ್ತೆ, ಎರಡು ಹಾಡಿಗೊಮ್ಮೆ ಟ್ಯೂನ್ ಮಾಡಲೇಬೇಕು. ಆಂಪ್ಲಿಫೈಯರ್ ರ‍್ಯಾಕ್ ಬಿಸಿಯಾದರೆ ತಾನಾಗಿ ಔಟ್‌ಪುಟ್ ತಗ್ಗಿಸುತ್ತೆ ಇಲ್ಲ ಬಂದ್ ಆಗುತ್ತೆ.

ಕಿವಿ: 100 ಡೆಸಿಬೆಲ್‌ಗೆ ಅಮೆರಿಕದ ನಿಯೋಶ್ (ಕೆಲಸದ ಜಾಗದ ಸುರಕ್ಷತೆ ನೋಡೋ ಸಂಸ್ಥೆ) ಲೆಕ್ಕದಲ್ಲಿ ದಿನಕ್ಕೆ 15 ನಿಮಿಷ ಮಾತ್ರ ಸುರಕ್ಷಿತ. ಇಯರ್‌ಪ್ಲಗ್ ಬೇಕೇ ಬೇಕು. ಫೋಮ್‌ದು ಬೆವರಿಗೆ ಜಾರುತ್ತೆ. ಕಿವಿ ಒರೆಸಿ, ಒಣ ಬೆರಳಲ್ಲಿ ಸಣ್ಣಗೆ ಹೊಸೆದು, ಇನ್ನೊಂದು ಕೈಯಲ್ಲಿ ಕಿವಿ ಮೇಲಕ್ಕೆಳೆದು ತೂರಿಸಿ, ಅರ್ಧ ನಿಮಿಷ ಅದುಮಿ ಹಿಡೀರಿ. ಬೇಸಿಗೆಗೆ ಮೂರು ಪದರದ ಸಿಲಿಕೋನ್‌ದು ಒಳ್ಳೇದು, ಒರೆಸಿ ಮತ್ತೆ ಹಾಕಬಹುದು.

ಮೈದಾನ_ಮೆಡಿಕ್

ಮೊದಲ ಹತ್ತು ನಿಮಿಷದ ಪ್ರಶ್ನೆಗೆ ಬರೋಣ, ಈ ಎಳೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಅದು.

ಎರಡು ಸ್ಥಿತಿ ಬೇರೆ ಮಾಡಿ ನೋಡಿ. ಬಿಸಿಲಿನ ಬಳಲಿಕೆ: ತಲೆಸುತ್ತು, ವಾಕರಿಕೆ, ಸ್ನಾಯು ಹಿಡಿತ, ಬಿಳಿಚಿದ ಮುಖ, ಆದರೆ ಮಾತು ಸರಿಯಿದೆ, ಎಲ್ಲಿದ್ದೇವೆ ಎಂದು ಗೊತ್ತಿದೆ. ನೆರಳಿಗೆ ಕರೆದೊಯ್ದು ಮಲಗಿಸಿ, ಕಾಲು ಒಂದಡಿ ಎತ್ತರಿಸಿ, ಬಟ್ಟೆ ಸಡಿಲಿಸಿ, ಮೈ ಒದ್ದೆ ಮಾಡಿ ಗಾಳಿ ಹಾಕಿ, ಒಆರ್‌ಎಸ್ ಗುಟುಕು ಗುಟುಕಾಗಿ. ಅರ್ಧ ಗಂಟೆಯಲ್ಲಿ ಸುಧಾರಿಸದಿದ್ದರೆ ಮೆಡಿಕಲ್ ಟೆಂಟ್.

ಹೀಟ್ ಸ್ಟ್ರೋಕ್: ಗೊಂದಲ, ಅಸಂಬದ್ಧ ಮಾತು, ಕಾರಣವಿಲ್ಲದೆ ಸಿಟ್ಟು, ತೂರಾಟ, ಫಿಟ್ಸ್, ಪ್ರಜ್ಞೆ ತಪ್ಪುವುದು. ಒಳಮೈ 40 ದಾಟಿ ಮೆದುಳಿಗೆ ತಟ್ಟಿದೆ. "ಚರ್ಮ ಒಣಗಿದ್ದರೆ ಮಾತ್ರ ಹೀಟ್ ಸ್ಟ್ರೋಕ್" ಎಂಬ ಮಾತು ನಂಬಬೇಡಿ. ಕುಣಿದು ಬಿದ್ದವರ ಮೈಯಲ್ಲಿ ಬೆವರು ಧಾರಾಳವಾಗಿ ಇರುತ್ತದೆ. ಹಣೆಗೆ ಹಿಡಿಯುವ ಥರ್ಮಲ್ ಗನ್ ಕೂಡ ನಂಬಬೇಡಿ, ಬೆವರಿದ ಹಣೆ ಕಡಿಮೆ ತೋರಿಸುತ್ತದೆ. ಹೆಸರು, ಇವತ್ತಿನ ವಾರ, ಈಗ ನುಡಿಸುತ್ತಿರುವ ಬ್ಯಾಂಡ್ ಯಾವುದು ಎಂದು ಕೇಳಿ. ಉತ್ತರ ತಪ್ಪಿದರೆ ಅಷ್ಟು ಸಾಕು.

ಆಗ ಒಬ್ಬರು ಮೆಡಿಕಲ್ ಟೆಂಟ್‌ಗೆ ಓಡಿ, ಒಬ್ಬರು 108 ಅಥವಾ 112ಕ್ಕೆ ಕರೆ ಮಾಡಿ, ಉಳಿದವರು ತಣಿಸಲು ಶುರು ಮಾಡಿ. ಮೊದಲು ತಣಿಸುವುದು, ಸಾಗಿಸುವುದು ಆಮೇಲೆ. ಅರ್ಧ ಗಂಟೆಯೊಳಗೆ ಒಳಮೈ 39ಕ್ಕೆ ಇಳಿದರೆ ಬದುಕುವ ಸಾಧ್ಯತೆ ತುಂಬ ಹೆಚ್ಚು. ಟ್ರಾಫಿಕ್‌ನಲ್ಲಿ ಆಂಬುಲೆನ್ಸ್ ಕಾಯುತ್ತ ಆ ಅರ್ಧ ಗಂಟೆ ಕಳೆಯಬಾರದು.

ತಣ್ಣೀರಲ್ಲಿ ಮುಳುಗಿಸಿ ತಣಿಸಲು ತೊಟ್ಟಿ ಇಲ್ಲದ ಮೈದಾನದಲ್ಲಿ ಫ್ಲೆಕ್ಸ್ ಬ್ಯಾನರ್ ಅಥವಾ ಟಾರ್ಪಾಲಿನ್ ಸಾಕು. ಕುಸಿದವರನ್ನು ಅದರ ನಡುವೆ ಮಲಗಿಸಿ, ಐದಾರು ಜನ ಅಂಚು ಎತ್ತಿ ಹಿಡಿದರೆ ಅದೇ ತೊಟ್ಟಿ. 20 ಲೀಟರಿನ ಕ್ಯಾನ್ ನಾಲ್ಕೈದು ಸುರಿಯಿರಿ. ಪಾನೀಯದ ಮಳಿಗೆಯ ಟಬ್‌ನಲ್ಲಿರುವ ಐಸ್ ಪೂರ್ತಿ ಹಾಕಿ. ಅಂಚುಗಳನ್ನು ಸರದಿಯಂತೆ ಎತ್ತಿ ಇಳಿಸಿ ನೀರು ಮೈಮೇಲೆ ಓಡಾಡುವಂತೆ ಮಾಡಿ. ಒಬ್ಬರು ತಲೆಯ ಕಡೆ ಕೂತು ಮುಖ ನೀರಿಗೆ ಮುಳುಗದಂತೆ ಹಿಡಿದಿರಬೇಕು, ಆ ಕೆಲಸ ಬಿಟ್ಟು ಏಳಬಾರದು. ಅಷ್ಟು ನೀರಿಲ್ಲದಿದ್ದರೆ ಮೈಯೆಲ್ಲ ಒದ್ದೆ ಮಾಡಿ ಬೀಸುತ್ತ, ಕತ್ತು, ಕಂಕುಳು, ತೊಡೆಸಂದಿಗೆ ಐಸ್ ಇಡಿ. ನಡುಕ ಬಂದರೂ ಮಾತು ಸರಿಹೋಗುವ ತನಕ ನಿಲ್ಲಿಸಬೇಡಿ.

ಪ್ರಜ್ಞೆ ಮಂಕಾದವರ ಬಾಯಿಗೆ ನೀರು ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಪ್ಯಾರಾಸಿಟಮಾಲ್ ಕೊಡಬೇಡಿ, ಇದು ಜ್ವರವಲ್ಲ, ಆ ಮಾತ್ರೆ ಇಲ್ಲಿ ಕೆಲಸ ಮಾಡದು. ಫಿಟ್ಸ್ ಬಂದರೆ ಕೈಗೆ ಕಬ್ಬಿಣ ಹಿಡಿಸುವುದು, ಈರುಳ್ಳಿ ಮೂಸಿಸುವುದು ಬೇಡ. ಪಕ್ಕಕ್ಕೆ ಹೊರಳಿಸಿ ಉಸಿರಾಟ ನೋಡಿ.

ಗುಂಪಿನ ನಡುವೆ ಬಿದ್ದರೆ ಹಿಂದಕ್ಕೆ ಎಳೆಯಲು ಹೋಗಬೇಡಿ, ಜನ ಮುಂದಕ್ಕೆ ಒತ್ತುತ್ತಿರುತ್ತಾರೆ. ನಾಲ್ಕು ಜನ ಬೆನ್ನು ಹೊರಗೆ ಮಾಡಿ ಸುತ್ತುಗಟ್ಟಿ, ಅಡ್ಡಡ್ಡ ಬದಿಗೆ ಸಾಗಿ. ಕಂಬಿಯ ಹತ್ತಿರವಿದ್ದರೆ ತಲೆ ಮೇಲೆ ಎರಡೂ ಕೈ ಅಡ್ಡ ಹಿಡಿದು ಸೆಕ್ಯುರಿಟಿಯವರಿಗೆ ತೋರಿಸಿ, ಕಂಬಿಯ ಮೇಲಿಂದ ಅವರ ಕೈಗೆ ದಾಟಿಸಿ.

ಫೀನಿಕ್ಸ್_ಕನ್ನಡಿಗ

ಅರಿಜೋನಾದ ಒಣ ಬಿಸಿಲಲ್ಲಿ ಬೆವರು ಕಾಣಿಸುವುದೇ ಇಲ್ಲ, ಹುಟ್ಟಿದ ಹಾಗೇ ಆರಿಹೋಗುತ್ತದೆ. ಅಂಗಿಯ ಮೇಲೆ ಬಿಳಿ ಉಪ್ಪಿನ ಗೆರೆ ಕಂಡರೆ ಅದೇ ಸೂಚನೆ. ಬಾಯಾರಿಕೆಗೆ ಕಾಯದೆ ಗಡಿಯಾರ ನೋಡಿ ಕುಡಿಯಬೇಕು. ಇಲ್ಲಿನ ಹಲವು ಆಂಫಿಥಿಯೇಟರ್‌ಗಳು ಸೀಲ್ ತೆಗೆಯದ ನೀರಿನ ಬಾಟಲಿಯನ್ನು ಒಳಗೆ ಬಿಡುತ್ತವೆ. ಭಾರತದಲ್ಲಿ ಬಾಟಲಿ ಎಸೆಯುತ್ತಾರೆಂದು ತಡೆಯುವುದು ಹೆಚ್ಚು. ಆಯೋಜಕರಿಗೆ ಮುಂಚಿತವಾಗಿ ಮೇಲ್ ಹಾಕಿ ಮೂರು ಪ್ರಶ್ನೆ ಕೇಳಿ: ಖಾಲಿ ಮೆತ್ತನೆ ಬಾಟಲಿ ಬಿಡುತ್ತೀರಾ, ಉಚಿತ ನೀರಿನ ನಲ್ಲಿ ಎಷ್ಟು, ಕ್ಯೂ ಇರುವ ಕಡೆ ನೀರು ಕೊಡುತ್ತೀರಾ?

ಈ ಮೂರಕ್ಕೂ ಇತಿಹಾಸವಿದೆ. 1999ರ ಜುಲೈನಲ್ಲಿ ನ್ಯೂಯಾರ್ಕ್ ರಾಜ್ಯದ ರೋಮ್ ಊರಿನ ಹಳೆಯ ವಾಯುನೆಲೆಯಲ್ಲಿ ನಡೆದ ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ ಡಾಂಬರು, ಕಾಂಕ್ರೀಟಿನ ನೆಲ, 38 ಡಿಗ್ರಿಯ ಆಸುಪಾಸಿನ ಸೆಕೆ, ನೀರಿನ ಬಾಟಲಿಗೆ 4 ಡಾಲರ್. ಆ ಉತ್ಸವ ಬೆಂಕಿ, ದೊಂಬಿಯಲ್ಲಿ ಮುಗಿಯಿತು. 2023ರ ನವೆಂಬರ್‌ನಲ್ಲಿ ರಿಯೊ ಡಿ ಜನೈರೊದ ಪಾಪ್ ಕಛೇರಿಯೊಂದರಲ್ಲಿ ಗಂಟೆಗಟ್ಟಲೆ ಬಿಸಿಲಲ್ಲಿ ಕಾದ ಅಭಿಮಾನಿ ಶೋ ಶುರುವಾದ ಸ್ವಲ್ಪ ಹೊತ್ತಿಗೇ ಕುಸಿದು ತೀರಿಕೊಂಡಳು. ಅದಾದ ಕೂಡಲೇ ಬ್ರೆಜಿಲ್ ಸರ್ಕಾರ ಕಛೇರಿಗಳಿಗೆ ನೀರಿನ ಬಾಟಲಿ ಒಯ್ಯಲು ಬಿಡಬೇಕು, ಉಚಿತ ನೀರು ಕೊಡಬೇಕು ಎಂದು ಆದೇಶಿಸಿತು. ನೀರು ಕೇಳುವುದು ಟಿಕೆಟ್ ಕೊಂಡವರ ಹಕ್ಕು ಎಂದೇ ನನ್ನ ನಿಲುವು. ಮೇಲ್ ಹಾಕುವಾಗ ಹಿಂಜರಿಯಬೇಡಿ.

ಟ್ರಸ್_ಮತ್ತು_ಚೈನ್

ಏಪ್ರಿಲ್ ಬೆಂಗಳೂರು ಅಂದರೆ ಬಿಸಿಲು ಅರ್ಧ ವಿಷಯ. ಅಂಥ ಉರಿಯ ದಿನವೇ ಸಂಜೆ 4ರಿಂದ 8ರೊಳಗೆ ಗುಡುಗು, ಬಿರುಗಾಳಿ, ಆಲಿಕಲ್ಲು. 2011ರ ಆಗಸ್ಟ್‌ನಲ್ಲಿ ಒಂದೇ ವಾರದಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯ ಜಾತ್ರೆಯ ಸ್ಟೇಜ್ ಚಾವಣಿ, ಬೆಲ್ಜಿಯಂನ ಪುಕ್ಕೆಲ್‌ಪಾಪ್ ಉತ್ಸವದ ಟೆಂಟ್‌ಗಳು ಗಾಳಿಗೆ ಕುಸಿದು ಜನ ಸತ್ತರು. ಎರಡೂ ಅಲ್ಲಿನ ಬೇಸಿಗೆಯ ಬಿರುಗಾಳಿ.

ಸ್ಟೇಜ್ ಹಿಂದಿನ ಆಕಾಶ ಕಪ್ಪಾಗಿ, ತಣ್ಣನೆ ಗಾಳಿ ಒಮ್ಮೆಲೇ ಧೂಳೆಬ್ಬಿಸಿಕೊಂಡು ಬಂದರೆ ಮಳೆಗೆ ಹತ್ತು ಹದಿನೈದು ನಿಮಿಷ ಬಾಕಿ ಅಂತ ತಿಳ್ಕೊಳ್ಳಿ. "ಅಬ್ಬ, ತಂಪಾಯ್ತು" ಅಂತ ನಿಲ್ಲಬೇಡಿ. ಡಿಲೇ ಗೋಪುರ, ಎಲ್‌ಇಡಿ ಪರದೆ, ಹೋರ್ಡಿಂಗ್‌ಗಳಿಂದ ಅವುಗಳ ಎತ್ತರದಷ್ಟಾದರೂ ದೂರ ಸರೀರಿ. ಎಲ್‌ಇಡಿ ಪರದೆ, ಬ್ಯಾನರ್ ಎರಡೂ ಗಾಳಿಗೆ ಹಾಯಿಯ ಹಾಗೆ ಉಬ್ಬುತ್ತವೆ. ಎಂಜಿನಿಯರ್‌ಗಳು ಪರದೆ ಕೆಳಗಿಳಿಸ್ತಿದ್ದಾರೆ ಅಂದರೆ ಶೋ ನಿಲ್ಲಿಸೋ ತಯಾರಿ ಅದು, ಗಲಾಟೆ ಮಾಡದೆ ದಾರಿ ಬಿಡಿ. ಮಿಂಚು ಕಂಡ ಮೇಲೆ 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಕಟ್ಟಡಕ್ಕೋ ಕಾರಿಗೋ ಹೋಗಿ, ಕೊನೆ ಗುಡುಗಿನಿಂದ 30 ನಿಮಿಷ ಕಾಯಿರಿ. ಮರದಡಿ, ಕಬ್ಬಿಣದ ಕಂಬಿ ಪಕ್ಕ ಬೇಡ.

ಬಾಸ್_ತಂತಿ

ಎಲ್ಲರಿಗೂ ವಂದನೆ. 5:15ಕ್ಕೆ ಒಳಗೆ ಅಂತ ತೀರ್ಮಾನ ಆಯ್ತು. ಬಿಪಿ ಮಾತ್ರೆಯವರು ನಾಳೆಯೇ ಡಾಕ್ಟರ್ ನೋಡ್ತಾರೆ. ಇನ್ನೆರಡು: ಊಟ ಏನು ಮಾಡಿಕೊಂಡು ಹೊರಡಬೇಕು? ಟಿಕೆಟ್ ಫೋನಲ್ಲಿದೆ, ಬಿಸಿಲಿಗೆ ಫೋನ್ ಕೈಕೊಟ್ಟರೆ?

ಅಲ್ಟೋ_ಅಕ್ಕ

ಊಟ 2ರೊಳಗೆ ಮುಗಿಸಿ. ಮೊಸರನ್ನಕ್ಕೆ ಉಪ್ಪು ಸರಿಯಾಗಿ, ಜೊತೆಗೆ ಉಪ್ಪಿನಕಾಯಿ, ಸೌತೆಕಾಯಿ ಕೋಸಂಬರಿ. ಬಿರಿಯಾನಿ, ಎಣ್ಣೆಯದು ಶೋ ಮುಗಿದ ಮೇಲೆ. ಹೊರಡೋ ಮುಂಚೆ ಎರಡು ಲೋಟ ಉಪ್ಪು ಹಾಕಿದ ನೀರುಮಜ್ಜಿಗೆ. ಎಳನೀರು ಒಳ್ಳೇದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಮ್ಮಿ. ಬೆವರಲ್ಲಿ ಹೋಗೋದು ಸೋಡಿಯಂ, ಅದಕ್ಕೇ ಎಳನೀರಿನ ಜೊತೆ ಉಪ್ಪು ಹಚ್ಚಿದ ಮಾವಿನಕಾಯಿ ಹೋಳೋ ಕಡಲೆಕಾಯೋ ತಿನ್ನಿ. ಮೂತ್ರಪಿಂಡದ ತೊಂದರೆ ಇರೋರು, ಟೆಲ್ಮಿಸಾರ್ಟನ್ ತಗೊಳ್ಳೋರು ಎಳನೀರು ಕುಡಿಯೋ ಮುಂಚೆ ಡಾಕ್ಟರನ್ನ ಕೇಳಿ.

ಸಿಸ್ಟಮ್_ಟೆಕ್

ಫೋನ್: ಆಪಲ್‌ನವರೇ ಐಫೋನ್ ಬಳಸೋಕೆ 35 ಡಿಗ್ರಿ ತನಕ ಅಂತ ಹೇಳ್ತಾರೆ. ಬಿಸಿಯಾದರೆ ಮೊದಲು ಪರದೆ ಮಂಕಾಗುತ್ತೆ, ಆಮೇಲೆ ಚಾರ್ಜಿಂಗ್ ನಿಲ್ಲುತ್ತೆ, ಕೊನೆಗೆ ಎಚ್ಚರಿಕೆ ತೋರಿಸಿ ಬಂದ್. ಮಂಕಾದ ಪರದೆಯ ಕ್ಯೂಆರ್ ಕೋಡ್ ಗೇಟ್‌ನ ಸ್ಕ್ಯಾನರ್‌ಗೆ ಸಿಗಲ್ಲ. ಟಿಕೆಟ್ ಮನೆಯ ವೈಫೈನಲ್ಲೇ ಇಳಿಸಿಕೊಳ್ಳಿ, ಇಬ್ಬರ ಫೋನಲ್ಲಿ ಇರಲಿ. ಸ್ಕ್ರೀನ್‌ಶಾಟ್ ನಡೆಯುತ್ತಾ ಅಂತ ಟಿಕೆಟ್‌ನ ನಿಯಮ ಓದಿ, ಕೆಲವು ಆ್ಯಪ್‌ಗಳ ಕೋಡ್ ಆಗಾಗ ಬದಲಾಗುತ್ತೆ. ಕ್ಯೂನಲ್ಲಿ ಫೋನ್ ತಿಳಿಬಣ್ಣದ ಬಟ್ಟೆಯಲ್ಲಿ ಸುತ್ತಿ ಚೀಲದೊಳಗೆ, ಕವರ್ ತೆಗೆದು. ಬಿಸಿಯಾದ ಫೋನನ್ನ ಐಸ್ ಮೇಲಿಡಬೇಡಿ, ಒಳಗೆ ನೀರು ಹನಿಗಟ್ಟುತ್ತೆ. ಬಿಸಿಲಲ್ಲಿ ವಿಡಿಯೋ ಮಾಡೋದು, ಪವರ್‌ಬ್ಯಾಂಕ್ ಹಾಕಿ ಚಾರ್ಜ್ ಮಾಡೋದು ಎರಡೂ ಒಟ್ಟಿಗೆ ಬೇಡ. ಪವರ್‌ಬ್ಯಾಂಕ್ ಅನೇಕ ಕಡೆ ಒಳಗೇ ಬಿಡಲ್ಲ, ಕೇಳಿಕೊಂಡೇ ಒಯ್ಯಿರಿ.

ಇಆರ್_ನೈಟ್‌ಡ್ಯೂಟಿ

ಶೋ ಮುಗಿದ ನಂತರದ್ದು ಯಾರೂ ಬರೆದಿಲ್ಲ. 10ಕ್ಕೆ ಹೊರಬಿದ್ದ ಕೂಡಲೇ ಒಆರ್‌ಎಸ್ ಅರ್ಧ ಲೀಟರ್, ಮನೆಗೆ ಹೋಗಿ ತಣ್ಣೀರ ಸ್ನಾನ, ಉಪ್ಪು ಖಾರವಿರುವ ಊಟ. ಪಾರ್ಕಿಂಗ್‌ನಲ್ಲಿ ತಲೆ ಹಗುರಾದಂತೆ ಅನ್ನಿಸಿದರೆ ಗಾಡಿ ಓಡಿಸಬೇಡಿ. ಬೆಳಿಗ್ಗೆ ಎದ್ದಾಗ ಮೂತ್ರ ಗಾಢ ಹಳದಿಯಾಗಿದ್ದರೆ ಇನ್ನೂ ನೀರು ಬೇಕು ಎಂದರ್ಥ, ಮಧ್ಯಾಹ್ನದೊಳಗೆ ತಿಳಿಯಾಗಬೇಕು. ಕೋಲಾದಂತೆ ಕಂದು ಬಣ್ಣಕ್ಕಿದ್ದು, ತೊಡೆ ಮತ್ತು ಮೀನಖಂಡ ಮುಟ್ಟಲಾರದಷ್ಟು ನೋಯುತ್ತಿದ್ದರೆ ಅದು ಸ್ನಾಯು ಒಡೆದು ಮೂತ್ರಪಿಂಡಕ್ಕೆ ಇಳಿಯುತ್ತಿರುವ ಲಕ್ಷಣ. ಐಬುಪ್ರೊಫೇನ್ ನುಂಗಿ ಮಲಗಬೇಡಿ, ಅದು ಮೂತ್ರಪಿಂಡಕ್ಕೆ ಇನ್ನಷ್ಟು ಪೆಟ್ಟು. ಅದೇ ದಿನ ಆಸ್ಪತ್ರೆಗೆ ಹೋಗಿ ಕ್ರಿಯಾಟಿನಿನ್ (ಮೂತ್ರಪಿಂಡಕ್ಕೆ), ಸಿಪಿಕೆ (ಸ್ನಾಯುವಿಗೆ) ರಕ್ತಪರೀಕ್ಷೆ ಮಾಡಿಸಿ, ಹಿಂದಿನ ದಿನ ಎಷ್ಟು ಹೊತ್ತು ಬಿಸಿಲಲ್ಲಿದ್ದಿರಿ ಎಂದು ಡಾಕ್ಟರಿಗೆ ತಪ್ಪದೆ ಹೇಳಿ.